ಮನೇಲಿ ಒಂದೂ ವಾರ್ನಿಂಗ್ ಇಲ್ಲ, ಲ್ಯಾಬಲ್ಲಿ 14 ಬರ್ತದೆ, ಅನ್‌ಯೂಸ್ಡ್ ವೇರಿಯೇಬಲ್ ಎಲ್ಲ ತೆಗ್ದು ಬಿಸಾಡ್ಬೇಕಾ?

ಪೋಕ್ರಿ_ಬದಿಯಡ್ಕ

ಎಲ್ರಿಗೂ ನಮಸ್ಕಾರ. ಡಿಗ್ರಿ ಎರಡನೇ ವರ್ಷ, ಸಿ ಯಲ್ಲಿ ಮಿನಿ ಪ್ರಾಜೆಕ್ಟ್ ಉಂಟು. ನಾನು ತಗೊಂಡದ್ದು ಅಡಿಕೆ ಅಂಗಡಿಯ ಬಿಲ್ಲಿಂಗ್, ಯಾಕಂದ್ರೆ ಮಾವಂದು ಪೇಟೆಯಲ್ಲಿ ಅಂಗಡಿ ಉಂಟು, ಕೃಷಿಕರು ಚೀಲದಲ್ಲಿ ಅಡಿಕೆ ತರ್ತಾರೆ, ತೂಕ ಮಾಡಿ ಹೊಸದು ಹಳೆದು ಪಟೋರ ಕರಿಗೋಟು ಅಂತ ಬೇರೆ ಬೇರೆ ರೇಟು ಹಾಕಿ ಚೀಟಿ ಕೊಡುದು, ಅದನ್ನೇ ಪ್ರೋಗ್ರಾಮ್ ಮಾಡಿದ್ದೇನೆ. ಸುಮಾರು 600 ಲೈನ್.

ಮನೆಯಲ್ಲಿ ಉಬುಂಟುವಲ್ಲಿ ಟರ್ಮಿನಲಲ್ಲಿ ಬರೀ ಜಿಸಿಸಿ (ಸಿ ಕಂಪೈಲರ್) ಅಂತ ಹೊಡ್ದು ಕಂಪೈಲ್ ಮಾಡಿದ್ರೆ ಒಂದು ಮಾತೂ ಇಲ್ಲ, ಚಂದಕ್ಕೆ ಓಡ್ತದೆ. ಅದೇ ಫೈಲ್ ಪೆನ್‌ಡ್ರೈವಲ್ಲಿ ಲ್ಯಾಬಿಗೆ ತಗೊಂಡೋಗಿ ಗೀನಿ ಅನ್ನುವ ಎಡಿಟರಲ್ಲಿ ಎಫ್9 ಒತ್ತಿದ್ರೆ 14 ವಾರ್ನಿಂಗ್. ಅಲ್ಲಿ ಕೂಡ ಅದೇ ಉಬುಂಟು ಅದೇ ಜಿಸಿಸಿ. ಟೀಚರ್ ನೋಡಿ "ಒಂದು ವಾರ್ನಿಂಗೂ ಇರ್ಲಿಕ್ಕಿಲ್ಲ, ಸೋಮವಾರ ತೋರಿಸು" ಹೇಳಿದ್ರು. ಫೋನಿಂದ ಟೈಪ್ ಮಾಡ್ತಾ ಇದ್ದೇನೆ, ಕೀಬೋರ್ಡ್ ಬದಲಿಸ್ಲಿಕ್ಕೆ ಉದಾಸೀನ, ಕೋಡನ್ನೂ ಕನ್ನಡದಲ್ಲೇ ಬರೀತೇನೆ ಅರ್ಥ ಮಾಡ್ಕೊಳ್ಳಿ. ಬರುದು ಹೀಗೆ:

ಅನ್‌ಯೂಸ್ಡ್ ವೇರಿಯೇಬಲ್ 'ಐ', 'ಜೆ', 'ಟೆಂಪ್' (ಇದು ತುಂಬ ಕಡೆ)
ಅನ್‌ಯೂಸ್ಡ್ ವೇರಿಯೇಬಲ್ 'ಸಿಹೆಚ್'
ವೇರಿಯೇಬಲ್ 'ಚೀಲ' ಸೆಟ್ ಬಟ್ ನಾಟ್ ಯೂಸ್ಡ್
'ಹಳೆಬಿಲ್' ಡಿಫೈನ್ಡ್ ಬಟ್ ನಾಟ್ ಯೂಸ್ಡ್

ಕ್ಲಾಸಿನವ ಒಬ್ಬ ಹೇಳ್ತಾನೆ ಇದೆಲ್ಲ ಮೆಮೊರಿ ವೇಸ್ಟ್ ಆಗ್ತದೆ ಅಂತ ಬರುದು, ಎಲ್ಲ ಡಿಲೀಟ್ ಮಾಡು ಅಂತ. ಇನ್ನೊಬ್ಬ ಜಿಸಿಸಿ ಕಮಾಂಡಿನ ಜೊತೆ ಸಣ್ಣ ಡಬ್ಲ್ಯೂ ಹಾಕಿದ್ರೆ ಕಂಪೈಲರ್ ಬಾಯಿ ಮುಚ್ತದೆ ಹೇಳ್ತಾನೆ. ನಾನು ಡಿಲೀಟ್ ಮಾಡ್ಲಿಕ್ಕೆ ಹೊರಟೆ, ಐ ಜೆ ಹೋಯ್ತು ಏನೂ ಆಗ್ಲಿಲ್ಲ, ಸಿಹೆಚ್ ತೆಗ್ದದ್ದೇ ತೆಗ್ದದ್ದು ಪ್ರೋಗ್ರಾಮ್ ಪೂರಾ ಹಾಳು, ಕೃಷಿಕನ ಹೆಸ್ರು ಕೇಳುದೇ ಇಲ್ಲ ಸೀದಾ ಮುಂದೆ ಹೋಗ್ತದೆ. ಉಪಯೋಗ ಇಲ್ಲ ಅಂತ ಹೇಳಿದ್ದು ಅದೇ, ತೆಗ್ದ್ರೆ ಓಡುದಿಲ್ಲ, ಇದೆಂತ ಕಥೆ? ಮಂಡೆಬಿಸಿ ಆಗಿದೆ, ಯಾರಾದ್ರೂ ಹೇಳಿ.

ಉಪ್ಪಳ_ಎಕ್ಸ್‌ಪ್ರೆಸ್

ಸಣ್ಣ ಡಬ್ಲ್ಯೂ ಹಾಕಿ ಸೋಮವಾರ ತೋರ್ಸು ಮಾರಾಯ, ಮಾರ್ಕ್ ಸಿಕ್ಕಿದ್ರೆ ಆಯ್ತಲ್ಲ. ನಾವೆಲ್ಲ ಹಾಗೇ ಪಾಸಾದದ್ದು.

ಪೆರ್ಲದ_ಹಳಬ

ಉಪ್ಪಳದವರು ಹೇಳಿದ ಹಾಗೆ ಮಾತ್ರ ಮಾಡ್ಬೇಡ ತಮ್ಮ. ಸಣ್ಣ ಡಬ್ಲ್ಯೂ ಹಾಕಿದ್ರೆ ಅನ್‌ಯೂಸ್ಡ್ ಒಂದೇ ಅಲ್ಲ, ಎಲ್ಲ ವಾರ್ನಿಂಗೂ ಹೋಗ್ತದೆ, ನಾಳೆ ಪ್ರಿಂಟ್‌ಎಫ್ ಒಳಗೆ ಫ್ಲೋಟಿಗೆ (ದಶಮಾಂಶ ಸಂಖ್ಯೆಗೆ) ಪೂರ್ಣಾಂಕದ ಪರ್ಸೆಂಟ್ ಡಿ ಹಾಕಿದ್ರೂ ಹೇಳುವವರಿಲ್ಲ.

ಮೊದಲು ನಿನ್ನ ಮನೆ ಲ್ಯಾಬ್ ಗೊಂದಲ. ಗೀನಿ ಎಫ್9ಕ್ಕೆ ಓಡಿಸುವ ಕಮಾಂಡಿನಲ್ಲಿ -ಡಬ್ಲ್ಯೂಆಲ್ (ಹೆಚ್ಚಿನ ವಾರ್ನಿಂಗ್ ತೋರಿಸು ಅನ್ನುವ ಆಯ್ಕೆ) ಅಂತ ಮೊದಲೇ ಸೇರಿಸಿ ಇಟ್ಟಿರ್ತದೆ, ಕೆಳಗಿನ ಮೆಸೇಜ್ ಬಾಕ್ಸಿನ ಮೊದಲ ಸಾಲು ಓದು, ಕಾಣ್ತದೆ. ನೀನು ಮನೇಲಿ ಬರೀ ಜಿಸಿಸಿ ಹೊಡಿತಿ, ಆಗ ಅದು ಈ ಜಾತಿಯ ವಾರ್ನಿಂಗ್ ನೋಡುದೇ ಇಲ್ಲ. ಕೋಡ್ ಎರಡು ಕಡೆಯೂ ಅಷ್ಟೇ ಒಳ್ಳೆಯದು ಅಷ್ಟೇ ಕೆಟ್ಟದು, ಒಂದು ಕಡೆ ದೀಪ ಹಾಕಿದೆ ಒಂದು ಕಡೆ ಹಾಕಿಲ್ಲ.

ಮೆಮೊರಿ ವೇಸ್ಟ್ ಕಥೆ ಬಿಡು. ಒಂದು ಇಂಟಿಗೆ (ಪೂರ್ಣಾಂಕಕ್ಕೆ) ನಿನ್ನ ಕಂಪ್ಯೂಟರಲ್ಲಿ 4 ಬೈಟ್, ಅದೂ ಫಂಕ್ಷನ್ ಮುಗಿದ ಕೂಡ್ಲೆ ಹೋಯ್ತು, ಮತ್ತೆ -ಓ2 (ಕೋಡನ್ನು ಚುರುಕು ಮಾಡುವ ಆಯ್ಕೆ) ಹಾಕಿದ್ರೆ ಕಂಪೈಲರೇ ಅದಕ್ಕೆ ಜಾಗ ಕೊಡುದಿಲ್ಲ. ವಾರ್ನಿಂಗ್ ಕೇಳುದು ಬೇರೆ. ಇದಕ್ಕೊಂದು ಹೆಸ್ರಿಟ್ಟೆಯಲ್ಲ, ಎಂತಕ್ಕೆ ಇಟ್ಟದ್ದು, ಮತ್ತೆ ಯಾಕೆ ತಿರುಗಿ ನೋಡ್ಲಿಲ್ಲ ಅಂತ. ಈ ಪ್ರಶ್ನೆಗೆ ನಿನ್ನ 14ರಲ್ಲಿ ಒಂದೊಂದಕ್ಕೂ ಉತ್ತರ ಬೇರೆ. ಹಾಗಾಗಿ ಎಲ್ಲ ಡಿಲೀಟೂ ತಪ್ಪು, ಎಲ್ಲ ಮುಚ್ಚುದೂ ತಪ್ಪು.

ಐ ಜೆ ಟೆಂಪ್: ಲೂಪ್ ಬರೀಲಿಕ್ಕೆ ಹೊರಟು ಮತ್ತೆ ಬೇರೆ ಕಡೆಗೆ ಕಾಪಿ ಮಾಡಿದ್ದು, ಕಸ. ತೆಗಿ.

ಸಿಹೆಚ್: ನಿನ್ನ ಕೋಡ್ ನೋಡದೇ ಹೇಳ್ತೇನೆ ನೋಡು. ಸ್ಕ್ಯಾನ್‌ಎಫಲ್ಲಿ ಚೀಲ ಎಷ್ಟು ಅಂತ ನಂಬರ್ ಕೇಳ್ತಿ, ಆಮೇಲೆ ಎಫ್‌ಗೆಟ್ಸಲ್ಲಿ ಹೆಸ್ರು ಕೇಳ್ತಿ, ಮಧ್ಯದಲ್ಲಿ ಹೀಗೊಂದು ಲೈನ್ ಉಂಟು:

ಇಂಟ್ ಸಿಹೆಚ್ = ಗೆಟ್‌ಚಾರ್();

ಹೌದಾ ಅಲ್ವಾ? ನಂಬರ್ ಒತ್ತಿ ಎಂಟರ್ ಹೊಡಿದ್ರೆ ಸ್ಕ್ಯಾನ್‌ಎಫ್ ನಂಬರ್ ಮಾತ್ರ ತಗೊಳ್ತದೆ, ಆ ಎಂಟರ್ ಇನ್‌ಪುಟ್ ಬಫರಲ್ಲಿ ಕೂತಿರ್ತದೆ. ಗೆಟ್‌ಚಾರ್ ಅದನ್ನು ನುಂಗುದು. ನೀನು ಲೈನನ್ನೇ ತೆಗ್ದಿ, ಎಫ್‌ಗೆಟ್ಸಿಗೆ ಆ ಖಾಲಿ ಎಂಟರೇ ಸಿಕ್ಕಿತು, ಹೆಸ್ರು ಬಂತು ಅಂತ ಮುಂದೆ ಹೋಯ್ತು. ಕಂಪೈಲರ್ ಹೇಳಿದ್ದು ಸಿಹೆಚ್ ಅನ್ನುವ ಪಾತ್ರೆ ಬೇಡ ಅಂತ, ಗೆಟ್‌ಚಾರ್ ಬೇಡ ಅಂತ ಹೇಳ್ಲಿಲ್ಲ ಮಾರಾಯ. ಬಲಗಡೆ ಫಂಕ್ಷನ್ ಕಾಲ್ ಉಂಟಾ ನೋಡು, ಇದ್ರೆ ಹೆಸ್ರು ಮಾತ್ರ ಒರೆಸು, ಕಾಲ್ ಇರ್ಲಿ. ಇನ್ನೂ ಒಳ್ಳೇದು ಅಂದ್ರೆ ಎಂಟರ್ ಬರುವವರೆಗೆ ಅಥವಾ ಇಓಎಫ್ (ಇನ್‌ಪುಟ್ ಮುಗಿದ ಗುರುತು) ಬರುವವರೆಗೆ ವೈಲ್ ಲೂಪಲ್ಲಿ ನುಂಗುವ ಹಾಗೆ ಬರಿ, ಆಗ ಸಿಹೆಚ್ ಹೋಲಿಸ್ಲಿಕ್ಕೆ ಬೇಕಾಗ್ತದೆ, ವಾರ್ನಿಂಗ್ ತಾನಾಗಿ ಹೋಗ್ತದೆ. ಯಾರಾದ್ರೂ 12 ಒತ್ತುವ ಬದಲು "12 " ಅಂತ ಸ್ಪೇಸ್ ಹಾಕಿ ಎಂಟರ್ ಹೊಡಿದ್ರೆ ನಿನ್ನ ಒಂದು ಗೆಟ್‌ಚಾರ್ ಸಾಲುದಿಲ್ಲ.

ಹಳೆಬಿಲ್: ಈ ಫಂಕ್ಷನಿಗೆ ಸ್ಟ್ಯಾಟಿಕ್ ಹಾಕಿದ್ದಿ ಅಂತ ಕಾಣ್ತದೆ. ಸ್ಟ್ಯಾಟಿಕ್ ಇದ್ರೆ ಈ ಫೈಲಿನ ಹೊರಗೆ ಯಾರಿಗೂ ಸಿಗುದಿಲ್ಲ, ಒಳಗೂ ಯಾರೂ ಕರೀಲಿಲ್ಲ, ಹಾಗಾಗಿ ಹೇಳಿತು. ಸ್ಟ್ಯಾಟಿಕ್ ಇಲ್ಲದಿದ್ರೆ ಬೇರೆ ಫೈಲಿನವ ಕರೀಬಹುದು ಅಂತ ಕಂಪೈಲರ್ ಸುಮ್ಮನಿರ್ತದೆ. ಇಲ್ಲಿ ವಾರ್ನಿಂಗ್ ಹೋಗ್ಬೇಕು ಅಂತ ಸ್ಟ್ಯಾಟಿಕ್ ತೆಗೀಬೇಡ, ಫಂಕ್ಷನ್ ಬೇಡ ಆದ್ರೆ ಫಂಕ್ಷನನ್ನೇ ತೆಗಿ.

ನನ್ನ ಮನಸ್ಸು ಹೋದದ್ದು ಆ 'ಚೀಲ'ಕ್ಕೆ. ಸೆಟ್ ಬಟ್ ನಾಟ್ ಯೂಸ್ಡ್ ಅಂದ್ರೆ ಸುಮ್ಮನೆ ಡಿಕ್ಲೇರ್ ಮಾಡಿ ಮರ್ತದ್ದಲ್ಲ. ಲೆಕ್ಕ ಮಾಡಿದ್ದಿ, ಬೆಲೆ ತುಂಬ್ಸಿದ್ದಿ, ಆಮೇಲೆ ಆ ಬೆಲೆಯನ್ನು ಯಾರೂ ಓದ್ಲಿಲ್ಲ. ಲೆಕ್ಕ ಮಾಡಿದವನಿಗೆ ಆ ಲೆಕ್ಕ ಬೇಕಿತ್ತು ಅಲ್ವಾ? ಆ ಭಾಗದ ಕೋಡ್ ಹಾಕು ಒಮ್ಮೆ. ಅದನ್ನು ತೆಗೀಬೇಡ ಈಗ್ಲೆ.

ನಮ್ಮ ಕಾಲದಲ್ಲಿ ಟರ್ಬೋ ಸಿ ನೀಲಿ ಪರದೆಯಲ್ಲಿ ಕೂಡ ಇದೇ ವಾರ್ನಿಂಗ್ ಬರ್ತಿತ್ತು, ಅಸೈನ್ ಮಾಡಿದ ಬೆಲೆ ಎಲ್ಲೂ ಉಪಯೋಗ ಆಗ್ಲಿಲ್ಲ ಅಂತ. ನಾವೂ ಯಾರೂ ಓದ್ತಿರಲಿಲ್ಲ, ಅದು ಬೇರೆ ವಿಷಯ.

ಸೊಲ್ಲಾಪುರ_ಚಾದರ

ಹಳಬ ಅಣ್ಣಾರು ಖರೆ ಹೇಳ್ಯಾರ. ಇನ್ನೂ ಹಿಂದಕ ಹೋದ್ರ ಕಂಪೈಲರ್ ಇಂಥಾದೆಲ್ಲ ನೋಡ್ತಿರಲಿಲ್ಲ, ಅದಕ್ಕ ಲಿಂಟ್ ಅಂತ ಬ್ಯಾರೇನ ಪ್ರೋಗ್ರಾಮ್ ಇತ್ತು, 1978ರಾಗ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಬರೆದಿದ್ದು. ಲಿಂಟ್ ಅಂದ್ರ ಬಟ್ಟಿಗೆ ಹತ್ತಿದ ನೂಲಿನ ಚೂರು. ನಮ್ಮೂರಾಗ ಮಗ್ಗದ ಶೆಡ್ಡಿನಾಗ ಒಂದ್ ತಾಸು ನಿಂತ್ರ ಮೈತುಂಬ ಅದ ಇರ್ತದ, ಹೆಸರಿನ ಅರ್ಥ ಯಾರೂ ಹೇಳೋದ ಬ್ಯಾಡ. ಆದ್ರ ಚಾದರದ ಮ್ಯಾಲಿಂದ ನೂಲು ಜಗ್ಗುವಾಗ ಭಾಳ ಹುಷಾರಿರಬೇಕು ತಮ್ಮಾ, ಕೆಲವು ಸುಮ್ಕ ಹತ್ತಿರ್ತಾವ, ಕೆಲವು ನೇಯ್ಗಿ ಒಳಗಿಂದ ಬಂದಿರ್ತಾವ, ಜಗ್ಗಿದಿ ಅಂದ್ರ ಅಂಚು ಪೂರಾ ಬಿಚ್ಕೊಂಡ್ ಬರ್ತದ. ನಿನ್ನ ಸಿಹೆಚ್ ಅಂಥಾದು.

ನಂದೊಂದು ಕಥಿ ಕೇಳು. ಹಿಂದೊಂದು ಕೆಲಸದಾಗ ನಾವು ಒಂದ್ ಕಡೆ "ಇಂಟ್ ಸರಿ = ಫೈಲ್_ಬರೆ();" ಅಂತ ಬರ್ದು ಕೆಳಗ "ಅಸರ್ಟ್(ಸರಿ);" ಅಂತ ಹಾಕಿದ್ವಿ. ಅಸರ್ಟ್ ಅಂದ್ರ ಒಳಗಿನ ಮಾತು ಸುಳ್ಳಾದ್ರ ಪ್ರೋಗ್ರಾಮ್ ನಿಲ್ಲಿಸೋ ತಪಾಸಣಿ. ಡಿಬಗ್ ಬಿಲ್ಡಿನಾಗ ಏನೂ ತಕರಾರಿಲ್ಲ. ಗಿರಾಕಿಗೆ ಕೊಡೋ ಬಿಲ್ಡಿನಾಗ ಎನ್‌ಡಿಬಗ್ ಡಿಫೈನ್ ಆಗ್ತದ, ಆವಾಗ ಅಸರ್ಟ್ ಅನ್ನೋ ಮ್ಯಾಕ್ರೋ ಮಾಯ, 'ಸರಿ'ನ್ನ ಓದವ್ರ ಇಲ್ಲ, ವಾರ್ನಿಂಗ್ ಬಂತು. ನಾ ಆಗ ಹೊಸಬ, ಶ್ಯಾಣ್ಯಾತನ ಮಾಡಿ ವೇರಿಯೇಬಲ್ ತಗದು ಕಾಲನ್ನ ಸೀದಾ ಅಸರ್ಟ್ ಒಳಗ ತುರುಕಿದೆ. ವಾರ್ನಿಂಗ್ ಹೋತು. ಅದರ ಸಂಗಟ ಫೈಲ್ ಬರಿಯೋದೂ ಹೋತು, ಯಾಕಂದ್ರ ಅಸರ್ಟ್ ಮಾಯ ಆದ್ರ ಅದರ ಒಳಗಿಂದೂ ಮಾಯ. ನನ್ನ ಮಷೀನಿನ ಮ್ಯಾಲ ಎಲ್ಲಾ ಛಂದ, ಗಿರಾಕಿ ಕಡಿ ಫೈಲ ಇಲ್ಲ, ಮೂರು ದಿನ ನಿದ್ದಿ ಮಾಡಿಲ್ಲ. ಸರಿಯಾದ ದಾರಿ ಅಂದ್ರ ವೇರಿಯೇಬಲ್ ಹಂಗ ಇಟ್ಟು ಅಸರ್ಟ್ ಕೆಳಗ "(ವಾಯ್ಡ್)ಸರಿ;" ಅಂತ ಒಂದ್ ಲೈನ್, ಬೇಕಂತ ಬಿಟ್ಟೀವಿ ಅಂತ ಕಂಪೈಲರಿಗೆ ಹೇಳೋದು. ಅದಕ್ಕಿಂತ ಛಲೋ ಅಂದ್ರ ಫೈಲ್ ಬರಿಯೋದು ಫೇಲಾದ್ರ ಇಫ್ ಹಾಕಿ ಎರರ್ ತೋರ್ಸೋದು, ಅಸರ್ಟ್ ಇದ್ದದ್ದ ಆ ಕೆಲಸಕ್ಕ ಅಲ್ಲ.

ವಾರ್ನಿಂಗ್ ಮುಚ್ಚೋ ಅವಸರಕ್ಕ ಲಿನಕ್ಸ್ ಮಾಡೋ ಡೆಬಿಯನ್‌ನವ್ರದ ದೊಡ್ಡ ಉದಾಹರಣಿ ಅದ. 2006ರಾಗ ಗುಪ್ತ ಕೀ ಮಾಡೋ ಓಪನ್‌ಎಸ್‌ಎಸ್‌ಎಲ್ ಒಳಗ ವಾರ್ನಿಂಗ್ ಬರ್ತಾವಂತ ಲೈನ್ ಕಾಮೆಂಟ್ ಮಾಡಿದ್ರು, ರ‍್ಯಾಂಡಮ್ ನಂಬರಿಗೆ ಬ್ಯಾರೆ ಬೆರಕಿ ಎಲ್ಲಾ ಹೋಗಿ ಪ್ರೋಸೆಸ್ ನಂಬರ್ ಒಂದ ಉಳೀತು, 2008ರ ಮೇ ತನಕ ಆ ಮಷೀನಿನ ಮ್ಯಾಲ ಹುಟ್ಟಿದ ಕೀಗಳನ್ನ ಯಾರ ಬೇಕಾದ್ರೂ ಊಹಿಸಬಹುದಿತ್ತು.

ಹೊಸೂರು_ಸೋಲ್ಡರ್

ಚಾದರ ಅಣ್ಣ ಸಣ್ಣ ತಿದ್ದುಪಡಿ, ಆ ಡೆಬಿಯನ್ ವಾರ್ನಿಂಗ್ ಕಂಪೈಲರ್ ಕೊಟ್ಟಿದ್ದಲ್ಲ, ವಾಲ್‌ಗ್ರೈಂಡ್ ಅಂಥ ಟೂಲ್‌ಗಳು ಇನಿಷಿಯಲೈಸ್ ಆಗದೇ ಇರೋ (ಮೊದಲ ಬೆಲೆ ತುಂಬದ) ಮೆಮೊರಿ ಬಗ್ಗೆ ಕೂಗಿದ್ದು. ಅನ್‌ಯೂಸ್ಡ್ ವೇರಿಯೇಬಲ್ ಅಲ್ಲ. ರೋಗ ಬೇರೆ, ಔಷಧಿ ಕೊಟ್ಟ ರೀತಿ ಮಾತ್ರ ಒಂದೇ.

ನಾನು ಇಲ್ಲಿ ಫ್ಯಾಕ್ಟರಿಗಳಿಗೆ ಸಣ್ಣ ಕಂಟ್ರೋಲ್ ಬೋರ್ಡ್ ಮಾಡಿ ಕೊಡೋ ಕೆಲಸದಲ್ಲಿದೀನಿ, ಸಿಹೆಚ್ ತರಹದ್ದು ನಮ್ಮಲ್ಲಿ ದಿನಾ ಬರುತ್ತೆ. ಆರ್ಡುಯಿನೋ ಊನೋದಲ್ಲಿರೋ ಎಟಿಮೆಗಾ328 ಚಿಪ್ಪನ್ನೇ ತಗೊಳ್ಳಿ, ಸೀರಿಯಲ್‌ನಲ್ಲಿ ಒಂದು ಬೈಟ್ ಬಂದ್ರೆ ಇಂಟರಪ್ಟ್ (ಕೈಯಲ್ಲಿರೋ ಕೆಲಸ ನಿಲ್ಲಿಸಿ ಕರೆಯೋದು) ಬರುತ್ತೆ, ಅದರೊಳಗೆ ಯುಡಿಆರ್0 ಅನ್ನೋ ರಿಜಿಸ್ಟರ್ ಓದ್ಲೇಬೇಕು, ಓದಿದ್ರೇನೇ ಬೈಟ್ ಬಂದಿದೆ ಅನ್ನೋ ಫ್ಲಾಗ್ ಇಳಿಯೋದು. ಬಂದ ಬೈಟ್ ನಮಗೆ ಬೇಡ ಅಂತಿದ್ರೂ ಓದಬೇಕು. ಅದಕ್ಕೆ "ಚಾರ್ ಡಮ್ಮಿ = ಯುಡಿಆರ್0;" ಅಂತ ಬರೆದಿದ್ವಿ. ಹೊಸದಾಗಿ ಸೇರಿದ ಹುಡುಗ ವಾರ್ನಿಂಗ್ ಕ್ಲೀನ್ ಮಾಡ್ತೀನಿ ಸರ್ ಅಂತ ಕೂತು ಆ ಲೈನ್ ಎತ್ತಿಬಿಟ್ಟ, ಬೋರ್ಡು ಮೊದಲನೇ ಬೈಟ್ ಬಂದ ತಕ್ಷಣ ನಿಂತ್ಹೋಯ್ತು, ಫ್ಲಾಗ್ ಇಳಿಯಲ್ಲ, ಇಂಟರಪ್ಟ್ ಮುಗಿಸಿ ಆಚೆ ಬಂದ್ರೆ ಮತ್ತೆ ಅದೇ ಇಂಟರಪ್ಟ್, ಮೇನ್ ಲೂಪಿಗೆ ಉಸಿರಾಡೋಕೆ ಬಿಡಲ್ಲ. ಹುಡುಗನ್ನ ಬೈಯೋಕೂ ಆಗಲ್ಲ, ಆ ಲೈನ್ ಯಾಕಿದೆ ಅಂತ ನಾವು ಒಂದು ಕಾಮೆಂಟೂ ಹಾಕಿರಲಿಲ್ಲ. ಈಗ "(ವಾಯ್ಡ್)ಯುಡಿಆರ್0;" ಅಂತ ಇದೆ, ಪಕ್ಕದಲ್ಲಿ "ಫ್ಲಾಗ್ ಇಳಿಸೋಕೆ ಓದ್ತಿರೋದು, ತೆಗೀಬೇಡಿ" ಅಂತನೂ ಇದೆ. ರಿಜಿಸ್ಟರ್ ವೊಲಟೈಲ್ (ಪ್ರತಿ ಸಲ ಓದಲೇಬೇಕು ಅಂತ ಗುರುತಿಟ್ಟಿದ್ದು) ಆಗಿರೋದ್ರಿಂದ ವಾಯ್ಡ್ ಹಾಕಿದ್ರೂ ಓದೋದು ನಡೆಯುತ್ತೆ, ಕಂಪೈಲರ್ ಎಗರಿಸಲ್ಲ.

ಪೋಕ್ರಿ, ಟೀಚರಿಗೆ ಖುಷಿ ಮಾಡಬೇಕು ಅಂದ್ರೆ ಇನ್ನೂ ಹೆಚ್ಚು ವಾರ್ನಿಂಗ್ ತೋರಿಸೋ -ಡಬ್ಲ್ಯೂಎಕ್ಸ್‌ಟ್ರಾನೂ ಸೇರಿಸಿ ನೋಡಿ. ಬೈಕೋತೀರ, ಆದ್ರೂ ನೋಡಿ.

ಪೋಕ್ರಿ_ಬದಿಯಡ್ಕ

ಹಳಬಣ್ಣ ನಿಮ್ಗೆ ನನ್ನ ಕೋಡ್ ಎಲ್ಲಿ ಸಿಕ್ಕಿತು?? ಸಿಹೆಚ್ ಲೈನ್ ನೀವು ಹೇಳಿದ ಹಾಗೇ ಉಂಟು, ಅಕ್ಷರ ಸಹ ಬದಲಿಲ್ಲ. ವೈಲ್ ಹಾಕಿದೆ, ಸರಿಯಾಯ್ತು. ಹಳೆಬಿಲ್ ಬೇಡ ಇತ್ತು, ತೆಗ್ದೆ.

ಚೀಲದ ಭಾಗ ಇದು:

ಚೀಲ = ಎನ್ * 1.0;
ನಿವ್ವಳ = ತೂಕ;
ಮೊತ್ತ = ನಿವ್ವಳ * ರೇಟ್;

ಎನ್ ಅಂದ್ರೆ ಎಷ್ಟು ಚೀಲ ಅಂತ. ಮಾವ ಚೀಲಕ್ಕೆ ಒಂದು ಕಿಲೋ ಹಿಡಿತಾರೆ ಹಾಗಾಗಿ 1.0.

-ಡಬ್ಲ್ಯೂಎಕ್ಸ್‌ಟ್ರಾ ಹಾಕಿದ್ದಕ್ಕೆ ಹೊಸತಾಗಿ 9 ಬಂತು, ಎಲ್ಲ ಅನ್‌ಯೂಸ್ಡ್ ಪ್ಯಾರಾಮೀಟರ್ 'ಪಿ' ಅಂತ. ಮೆನುವಿಗೆ ಫಂಕ್ಷನ್ ಪಾಯಿಂಟರ್ ಅರೇ (ಕರೀಬೇಕಾದ ಫಂಕ್ಷನುಗಳ ಪಟ್ಟಿ) ಮಾಡಿದ್ದೇನೆ, ಎಲ್ಲ ಫಂಕ್ಷನಿಗೂ ಒಂದೇ ಥರ ಅಂಗಡಿಯ ಸ್ಟ್ರಕ್ಟಿನ ಪಾಯಿಂಟರ್ ಹೋಗ್ತದೆ, ಆದ್ರೆ ಸಹಾಯ ತೋರಿಸುವ ಫಂಕ್ಷನಿಗೆ, ಪರದೆ ಒರೆಸುವ ಫಂಕ್ಷನಿಗೆಲ್ಲ ಅದು ಬೇಡ. ಪ್ಯಾರಾಮೀಟರ್ ತೆಗ್ದ್ರೆ ಅರೇಯೊಳಗೆ ಕೂರುದಿಲ್ಲ ಟೈಪ್ ಬೇರೆ ಅಂತ ಜಗಳ. ಇದಕ್ಕೆಂತ ಮಾಡುದು?

ಪೆರ್ಲದ_ಹಳಬ

ಎರಡನೇ ಲೈನ್ ಓದು ತಮ್ಮ. ಜೋರಾಗಿ ಓದು. ನಿವ್ವಳ = ತೂಕ. ಚೀಲ ಎಲ್ಲಿ ಕಳಿಲಿಕ್ಕೆ?

12 ಚೀಲ ತಂದವನಿಗೆ ಕಿಲೋಗೆ 400 ಅಂತ ಇಟ್ಕೊ, ನಿನ್ನ ಪ್ರೋಗ್ರಾಮ್ ಅವನಿಗೆ ಗೋಣಿಗೂ ಸೇರಿಸಿ 4800 ರೂಪಾಯಿ ಜಾಸ್ತಿ ಕೊಡ್ತದೆ. ನೀನು ಕ್ಲಾಸಿನವ ಹೇಳಿದ ಹಾಗೆ 'ಚೀಲ' ಡಿಲೀಟ್ ಮಾಡಿದ್ರೆ ವಾರ್ನಿಂಗೂ ಹೋಗ್ತಿತ್ತು, ಮತ್ತೆ ಈ ತಪ್ಪು ಹಿಡೀಲಿಕ್ಕೆ ಇದ್ದ ಒಂದೇ ಗುರುತೂ ಹೋಗ್ತಿತ್ತು. ಇನ್ನೊಂದು ಸೂಕ್ಷ್ಮ, ಇದನ್ನೇ ನೀನು ಡಿಕ್ಲೇರ್ ಮಾಡುವಾಗಲೇ ಅದೇ ಲೈನಲ್ಲಿ ಬೆಲೆ ಕೊಟ್ಟಿದ್ರೆ ಜಿಸಿಸಿ ಬರೀ ಅನ್‌ಯೂಸ್ಡ್ ವೇರಿಯೇಬಲ್ ಅಂತ ಹೇಳ್ತಿತ್ತು, ಐ ಜೆ ಗುಂಪಲ್ಲಿ ಅದೂ ಕಸ ಅಂತ ಹೋಗ್ತಿತ್ತು. ಹಾಗಾಗಿ ಆ ಗುಂಪಿನವನ್ನೂ ಬಲಗಡೆ ಎಂತ ಉಂಟು ನೋಡಿಯೇ ತೆಗೀಬೇಕು.

ಅಂದ ಹಾಗೆ ಹಣವನ್ನು ಫ್ಲೋಟಲ್ಲಿ ಇಟ್ಟಿದ್ದಿಯಾ? ಫ್ಲೋಟಿಗೆ ಸುಮಾರು 7 ಅಂಕಿಯಷ್ಟೇ ನೆನಪು ಇರುದು, ಲಕ್ಷದ ಬಿಲ್ಲಿಗೆ ಪೈಸೆ ಹಿಡಿಯುದಿಲ್ಲ. ಪೈಸೆಯಲ್ಲಿ ಲಾಂಗ್ ಲಾಂಗ್ (ದೊಡ್ಡ ಪೂರ್ಣಾಂಕ) ಇಡು. ಅದಕ್ಕೆ ಯಾವ ವಾರ್ನಿಂಗೂ ಬರುದಿಲ್ಲ ನೋಡು.

ಹೊಸೂರು_ಸೋಲ್ಡರ್

ಪ್ಯಾರಾಮೀಟರ್ ವಿಷಯ ನಾನು ಹೇಳ್ತೀನಿ. ಇದು ನಿಜವಾಗ್ಲೂ ನಿಮ್ಮ ತಪ್ಪಲ್ಲ, ಸಿಗ್ನೇಚರ್ (ಫಂಕ್ಷನ್ ತಗೊಳ್ಳೋ, ವಾಪಸ್ ಕೊಡೋ ಟೈಪುಗಳು) ಒಂದೇ ಇರಬೇಕು ಅನ್ನೋದು ನಿಮ್ಮ ಅರೇ ಹಾಕಿರೋ ಷರತ್ತು. ಸಿಗ್ನಲ್ ಹ್ಯಾಂಡ್ಲರ್, ಪಿಥ್ರೆಡ್ ಫಂಕ್ಷನ್ ಎಲ್ಲಕ್ಕೂ ಇದೇ ಕಥೆ, ಅದಕ್ಕೇ ಜಿಸಿಸಿ ಇದನ್ನ -ಡಬ್ಲ್ಯೂಆಲ್‌ನಲ್ಲಿ ಇಡದೆ -ಡಬ್ಲ್ಯೂಎಕ್ಸ್‌ಟ್ರಾ ಜೊತೆ ಇಟ್ಟಿರೋದು. ಫಂಕ್ಷನ್ ಒಳಗೆ ಮೊದಲನೇ ಲೈನ್ "(ವಾಯ್ಡ್)ಪಿ;" ಅಂತ ಹಾಕಿ, ಎಲ್ಲಾ ಕಂಪೈಲರ್‌ಗೂ ನಡೆಯುತ್ತೆ, ಓದೋರಿಗೂ ಬೇಕಂತಲೇ ಬಿಟ್ಟಿದ್ದು ಅಂತ ಗೊತ್ತಾಗುತ್ತೆ. "ಪಿ = ಪಿ;" ಅಂತ ಕೆಲವರು ಬರೀತಾರೆ, ಬೇಡ, ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಅದಕ್ಕೆ ಬೇರೆ ವಾರ್ನಿಂಗ್ ಕೊಡುತ್ತೆ.

ಜಿಸಿಸಿ ಕ್ಲ್ಯಾಂಗ್ ಎರಡಕ್ಕೂ ಅಟ್ರಿಬ್ಯೂಟ್ ಅನ್‌ಯೂಸ್ಡ್ ಅಂತ ಒಂದಿದೆ, ಲಿನಕ್ಸ್ ಕರ್ನಲ್ಲಲ್ಲಿ ಅದಕ್ಕೇ ಮೇಬಿ_ಅನ್‌ಯೂಸ್ಡ್ ಅಂತ ಮ್ಯಾಕ್ರೋ ಮಾಡ್ಕೊಂಡಿದಾರೆ. ಸಿ ಭಾಷೆಯ ಹೊಸ ಆವೃತ್ತಿ ಸಿ23ರಲ್ಲಿ ಅದೇ ಅಧಿಕೃತವಾಗಿ ಎರಡು ಚೌಕ ಬ್ರ್ಯಾಕೆಟ್ ಒಳಗೆ ಮೇಬಿ_ಅನ್‌ಯೂಸ್ಡ್ ಅಂತ ಬಂದಿದೆ, ಅಲ್ಲದೆ ಪ್ಯಾರಾಮೀಟರಿಗೆ ಹೆಸರೇ ಕೊಡದೆ ಬರೀ ಟೈಪ್ ಬರೆದ್ರೂ ಸಾಕು. 2025ರಲ್ಲಿ ಬಂದ ಜಿಸಿಸಿ 15 ಏನೂ ಹೇಳದಿದ್ರೆ ಸಿ23 ಅಂತಲೇ ತಗೊಳ್ಳುತ್ತೆ. ಆದ್ರೆ ನಿಮ್ಮ ಲ್ಯಾಬಲ್ಲಿ ಹಳೇ ಜಿಸಿಸಿ ಇರಬಹುದು, ವಾಯ್ಡೇ ಸೇಫು.

ವಾಯ್ಡ್ ಎಲ್ಲಾ ಕಡೆ ಮದ್ದಲ್ಲ ಅನ್ನೋದಕ್ಕೆ ಒಂದು ಮಾತು, -ಓ2 ಹಾಕಿ ಉಬುಂಟುನಲ್ಲಿ ಕಂಪೈಲ್ ಮಾಡಿ, ಸ್ಕ್ಯಾನ್‌ಎಫ್ ವಾಪಸ್ ಕೊಟ್ಟಿದ್ದನ್ನ ನೋಡಿಲ್ಲ ಅಂತ ಇನ್ನೊಂದು ಸಾಲು ವಾರ್ನಿಂಗ್ ಬರುತ್ತೆ. ಅದಕ್ಕೆ ವಾಯ್ಡ್ ಹಾಕಿದ್ರೂ ಜಿಸಿಸಿ ಬಗ್ಗಲ್ಲ. ಅಲ್ಲಿ ಇಫ್ ಹಾಕಿ ನೋಡ್ಲೇಬೇಕು, ತೂಕ ಕೇಳಿದ ಜಾಗದಲ್ಲಿ ಯಾರಾದ್ರೂ "ಹತ್ತು" ಅಂತ ಅಕ್ಷರದಲ್ಲಿ ಒತ್ತಿದ್ರೆ ಏನಾಗುತ್ತೆ ಟ್ರೈ ಮಾಡಿ.

ಸೊಲ್ಲಾಪುರ_ಚಾದರ

ಗೋ ಭಾಷಾದಾಗ ಇದು ವಾರ್ನಿಂಗ್ ಅಲ್ಲ ಸೀದಾ ಎರರ್, ಫಂಕ್ಷನ್ ಒಳಗ ಒಂದ್ ವೇರಿಯೇಬಲ್ ಉಪಯೋಗಿಸ್ಲಿಲ್ಲ ಅಂದ್ರ ಕಂಪೈಲ ಆಗಂಗಿಲ್ಲ. ಸಿ ಒಳಗೂ ಹಂಗ ಬೇಕಂದ್ರ -ಡಬ್ಲ್ಯೂಎರರ್ ಅದ. ಆದ್ರ ಬರಿಯೋವಾಗ ಹಾಕಬ್ಯಾಡ ತಮ್ಮಾ, ಅರ್ಧ ಬರ್ದ ಕೋಡ್ ಓಡಿಸಿ ನೋಡಬೇಕಂದ್ರ ಬಿಡಂಗಿಲ್ಲ, ತಲಿ ಕೆಡ್ತದ. ಕೊಡೋ ಮುಂಚೆ ಒಮ್ಮೆ ಹಾಕಿ ನೋಡು. ಬ್ಯಾರೆಯವ್ರಿಗೆ ಸೋರ್ಸ್ ಕೊಡುವಾಗ ಮೇಕ್‌ಫೈಲಿನಾಗ ಬಿಡಲೇಬ್ಯಾಡ, ಹೊಸ ಜಿಸಿಸಿ ಹೊಸ ವಾರ್ನಿಂಗ್ ಕಲಿತಿರ್ತದ. ಸೆಟ್ ಬಟ್ ನಾಟ್ ಯೂಸ್ಡ್ ಅನ್ನೋದ ಜಿಸಿಸಿ 4.6ರಾಗ 2011ಕ್ಕ ಬಂದಿದ್ದು, ಆವಾಗ ಡಬ್ಲ್ಯೂಎರರ್ ಹಾಕ್ಕೊಂಡು ಕುಂತಿದ್ದ ಎಷ್ಟೋ ಹಳೇ ಕೋಡ್ ಒಮ್ಮೆಲೆ ಬಿಲ್ಡ್ ಆಗೋದು ನಿಂತ್ವು.

ಉಪ್ಪಳ_ಎಕ್ಸ್‌ಪ್ರೆಸ್

ನಾನು ಮೇಲೆ ಬರ್ದದ್ದು ತಮಾಷೆಗೆ ಅಂತ ತಿಳ್ಕೊಳ್ಳಿ ಆಯ್ತಾ. 4800 ಅಂದ್ರೆ ಸಣ್ಣ ಮೊತ್ತ ಅಲ್ಲ ಮಾರಾಯ್ರೆ.

ಒಂದು ಡೌಟು, ಇವ ಚೀಲ ನಿವ್ವಳ ಅಂತ ಹೆಸ್ರು ಇಟ್ಟದ್ದು ನಿಜವಾಗಿ ಕನ್ನಡ ಅಕ್ಷರದಲ್ಲೇ ಕೋಡಲ್ಲಿ ಬರೀಲಿಕ್ಕೆ ಆಗ್ತದಾ?

ಹೊಸೂರು_ಸೋಲ್ಡರ್

ಆಗುತ್ತೆ, ಜಿಸಿಸಿ 10ರಿಂದ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ನೇರವಾಗಿ ತಗೊಳ್ಳುತ್ತೆ. ಆದ್ರೆ ಟೀಚರ್ ಎದುರು ಬೇಡ.

ಪೋಕ್ರಿ_ಬದಿಯಡ್ಕ

ಸೋಮವಾರ ಆಯ್ತು. ನಿವ್ವಳ = ತೂಕ - ಚೀಲ ಅಂತ ಮಾಡಿದೆ, 9 ಪ್ಯಾರಾಮೀಟರಿಗೂ ವಾಯ್ಡ್ ಹಾಕಿದೆ, ಸ್ಕ್ಯಾನ್‌ಎಫಿಗೆ ಇಫ್ ಹಾಕಿದೆ. ಟೀಚರ್ ಎರಡು ಸಲ ಎಫ್9 ಒತ್ತಿ ನೋಡಿ ವಾರ್ನಿಂಗ್ ಎಲ್ಲಿ ಅಡಗಿಸಿದ್ದಿ ಅಂತ ಬಿಲ್ಡ್ ಕಮಾಂಡ್ ತೆರ್ದು ಸಣ್ಣ ಡಬ್ಲ್ಯೂ ಹುಡುಕಿದ್ರು, ಉಪ್ಪಳಣ್ಣನ ಮಾತು ಕೇಳಿದ್ರೆ ನನ್ನ ಕಥೆ ಮುಗೀತಿತ್ತು.

ಮತ್ತೊಂದು ನಿಮ್ಗೆ ಹೇಳ್ಲಿಲ್ಲ ನಾನು. ಮಾವ ಹದಿನೈದು ದಿನದಿಂದ ಪುಸ್ತಕದಲ್ಲೂ ಬರ್ದು ಪ್ರೋಗ್ರಾಮಲ್ಲೂ ಹಾಕಿ ತಾಳೆ ನೋಡ್ತಾ ಇದ್ರು, ಯಾವಾಗ್ಲೂ ಪ್ರೋಗ್ರಾಮಲ್ಲಿ ಜಾಸ್ತಿ ಬರುದು. ನಾವು ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಹಾಳು ಅಂತ ಮಾಡಿ, ಅದನ್ನು ಕೊಟ್ಟವನಿಗೆ ಮಾವ ಎರಡು ಸಲ ಫೋನ್ ಮಾಡಿ ಬೈದಿದ್ದಾರೆ. ನಿನ್ನೆ ಹೇಳಿದೆ ತಪ್ಪು ನಂದು, ಕಂಪೈಲರ್ ಮೊದಲೇ ಹೇಳಿತ್ತು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದಕ್ಕೆ ಚೀಲದ ಲೆಕ್ಕ ಗೊತ್ತುಂಟಾ?" ಕೇಳಿದ್ರು. ಈಗ ತಕ್ಕಡಿಯವನಿಗೆ ಫೋನ್ ಮಾಡುದು ಯಾರು ಅಂತ ಮನೇಲಿ ಚರ್ಚೆ ಆಗ್ತಾ ಉಂಟು.

ಮನೆಯ ಕಂಪ್ಯೂಟರಲ್ಲಿ ಗೀನಿ ಹಾಕಿದೆ, -ಡಬ್ಲ್ಯೂಎಕ್ಸ್‌ಟ್ರಾ ಪ್ರತಿ ಸಲ ಬರುವ ಹಾಗೆ ಎಲ್ಲಿ ಸೇರಿಸುದು?

ಪೆರ್ಲದ_ಹಳಬ

ಬಿಲ್ಡ್ ಮೆನುವಲ್ಲಿ ಕೊನೆಗೆ ಸೆಟ್ ಬಿಲ್ಡ್ ಕಮಾಂಡ್ಸ್ ಉಂಟು, ಅಲ್ಲಿ ಕಂಪೈಲ್, ಬಿಲ್ಡ್ ಎರಡು ಸಾಲಲ್ಲೂ -ಡಬ್ಲ್ಯೂಆಲ್ ಪಕ್ಕದಲ್ಲಿ ಸೇರಿಸು. ಫೋನ್ ನೀನೇ ಮಾಡು ತಮ್ಮ.